ಎಂಟರವರೆಗೆ ಮಂಡಿಯೂರಿ

ಫೆಬ್ರವರಿ 2, ಬೆಳಿಗ್ಗೆ 5.40

ತಂಗೀ, ನಿನ್ನ ಸೊಂಟನೋವು ಹೇಗಿದೆ? ಭಾವನವರ ಕೆಮ್ಮು? ದೊಡ್ಡವಳು ಕನ್ನಡಕ ಹಾಕ್ಕೊಂಡಳಾ, ಇನ್ನೂ ಹಟನಾ? ಈ ಪುಸ್ತಕ ಅಂಚೆಗೆ ಬೀಳಲ್ಲ, ಗೊತ್ತು. ಆದರೂ ನಿನ್ನನ್ನು ಎದುರಿಗೆ ಕೂರಿಸಿಕೊಳ್ಳದೆ ನನಗೆ ಬರೆಯೋಕೆ ಬರಲ್ಲ.

ಜಿಮ್ ಬಾಗಿಲು ತೆಗೆದೆ. ಮೂವತ್ತೊಂದು ವರ್ಷದ ಅಭ್ಯಾಸ. ಬಾಕ್ಸಿಂಗ್ ಕಲಿಯೋಕೆ ಬಂದವರು ಇಬ್ಬರು... ಅದರಲ್ಲಿ ಒಬ್ಬಳು ನನ್ನ ಮೊಮ್ಮಗಳು ಕಡ್ಡಿ. ಪಕ್ಕದ ಹಾಲ್‌ನಲ್ಲಿ ಎಂಎಂಎ. ಹೊಡಿ, ಒದಿ, ಕೆಡವು, ಮೇಲೆ ಕೂತು ಮತ್ತೆ ಹೊಡಿ. ಅಲ್ಲಿ ಚಪ್ಪಲಿ ಬಿಡೋಕೂ ಜಾಗ ಇಲ್ಲ.

ಫೆಬ್ರವರಿ 9

ನಮ್ಮ ರಿಂಗ್ ಬಿಚ್ಚಿದರು. ಆ ಜಾಗಕ್ಕೆ ತಂತಿ ಬಲೆಯ ಪಂಜರ. ಜಿಮ್ ಮಾಲೀಕ ಟೀ ತರಿಸಿ ಸಮಾಧಾನ ಮಾಡಿದ.

"ಗುರುಗಳೇ, ನಿಮ್ಮ ಆಟದಲ್ಲಿ ಬರೀ ಕೈ. ಜನಕ್ಕೆ ಕಾಲೂ ಬೇಕು."

"ಕಾಲು ಇರೋದು ಮನೆಗೆ ಹೋಗೋಕೆ," ಅಂದೆ. ಇಬ್ಬರೂ ನಕ್ಕೆವು. ಟೀ ಅರ್ಧಕ್ಕೇ ಬಿಟ್ಟು ಎದ್ದೆ.

ಸಂಜೆ ಕಡ್ಡಿ ಬಂದಳು. "ತಾತ, ನಾನೂ ಪಂಜರಕ್ಕೆ ಇಳೀತೀನಿ. ಮಾರ್ಚ್ ಇಪ್ಪತ್ತೆರಡಕ್ಕೆ ಪಂದ್ಯ. ಹೋದ ಸಲ ನನ್ನ ಬಾಕ್ಸಿಂಗ್ ನೋಡೋಕೆ ಎಷ್ಟು ಜನ ಇದ್ರು ಹೇಳು."

ಹನ್ನೊಂದು ಅಂದೆ.

"ನಿನ್ನನ್ನೂ ಸೇರಿಸಿ."

ಫೆಬ್ರವರಿ 20

ಒದೆತಕ್ಕೆ ನಾನು ಹೆದರಲ್ಲ. ಆದರೆ ಅವಳ ಒಂಬತ್ತನೇ ವಯಸ್ಸಿಂದ ನಾನೇ ಕಲಿಸಿದ್ದು: ಬಿದ್ದರೆ ಗಡಿಬಿಡಿ ಬೇಡ. ಒಂದು ಮಂಡಿಯೂರು. ನನ್ನ ಕೈ ನೋಡು. ರೆಫರಿ ಎಂಟು ಅನ್ನೋವರೆಗೆ ಉಸಿರು ತಗೊ, ಆಮೇಲೆ ನಿಲ್ಲು. ಬಾಕ್ಸಿಂಗ್‌ನಲ್ಲಿ ಬಿದ್ದವರನ್ನು ಯಾರೂ ಮುಟ್ಟಲ್ಲ. ಪಂಜರದಲ್ಲಿ ಎಣಿಕೆಯೇ ಇಲ್ಲ, ತಂಗೀ. ಬಿದ್ದ ಮೇಲೇ ಶುರು.

ಇವತ್ತು ಪ್ರಾಕ್ಟೀಸ್‌ನಲ್ಲಿ ಸಣ್ಣ ಏಟು ತಾಗಿತು. ಮಂಡಿ ತಾನಾಗೇ ನೆಲಕ್ಕೆ. ಕಣ್ಣು ನನ್ನ ಕಡೆ.

ಮಾರ್ಚ್ 6

ಆ ಅಭ್ಯಾಸ ಮರೆಸೋಕೆ ನೋಡ್ತಿದ್ದೀನಿ. ದಿನಾ ತಳ್ಳಿ ಬೀಳಿಸ್ತೀನಿ. "ಉರುಳು, ಉರುಳು" ಅಂತ ಗಂಟಲು ಹರಿದುಕೊಳ್ತೀನಿ. ಹತ್ತರಲ್ಲಿ ಮೂರು ಸಲ ಇನ್ನೂ ಮಂಡಿ.

"ಕಲಿಸೋವಾಗ ಸ್ವಲ್ಪ ಕೆಟ್ಟದಾಗಿ ಕಲಿಸಬೇಕಿತ್ತು ತಾತ. ತಪ್ಪು ನಿಂದೇ." ತಮಾಷೆಗೆ ಅಂದಳು.

ಮಾರ್ಚ್ 21

ಹತ್ತಕ್ಕೆ ಹತ್ತೂ ಉರುಳಿದಳು. ಆದರೂ "ಬೇಡ ಅಂದ್ರೆ ಬಿಡ್ತೀಯಾ?" ಕೇಳೇಬಿಟ್ಟೆ.

"ಅಜ್ಜಿ ಬೇಡ ಅಂದಾಗ ನೀನು ಬಾಕ್ಸಿಂಗ್ ಬಿಟ್ಟಿದ್ಯಾ?"

ಮಾರ್ಚ್ 22, ಮಧ್ಯಾಹ್ನ 3.50

ಜನವೋ ಜನ. ನಮ್ಮ ಹಾಲ್ ಹೀಗೆ ತುಂಬಿದ್ದು ಕಂಡೇ ಇಲ್ಲ. ನನಗೆ ಪಂಜರದ ಪಕ್ಕದಲ್ಲೇ ಕುರ್ಚಿ. ಕಡ್ಡಿಯನ್ನು ಕರೆದರು. ನನ್ನ ನೋಡಿ ಕಣ್ಣು ಹೊಡೆದಳು—

ಮಾರ್ಚ್ 25

ಆಸ್ಪತ್ರೆ. ಅವಳಿಗೆ ಪೆಟ್ಟಾಗಿದ್ದು ಫೋನಿನಲ್ಲಿ ಹೇಳಿದೆ. ಇದನ್ನು ಹೇಳಲಿಲ್ಲ.

ಎರಡನೇ ರೌಂಡ್. ಏಟು ತಿಂದು ಬಿದ್ದಳು. ಉರುಳೋಕೆ ಹೊರಟಿದ್ದಳು, ತಂಗೀ. ನಾನೇ ನೋಡಿದೆ. ಅಷ್ಟರಲ್ಲಿ ಕಣ್ಣು ನನ್ನ ಕಡೆ ಬಂತು. ನನ್ನ ಕೈ ಮೇಲೆದ್ದಿತ್ತು. ಅಂಗೈ ಕೆಳಮುಖ. ಇರು, ಇನ್ನೂ ಸ್ವಲ್ಪ ಇರು. ಮೂವತ್ತೊಂದು ವರ್ಷದ ಕೈ.

ಅವಳು ಮಂಡಿಯೂರಿದಳು.

ಇನ್ನೂ ಕಣ್ಣು ಬಿಟ್ಟಿಲ್ಲ. "ಮಾತಾಡಿಸ್ತಾ ಇರಿ ಅಜ್ಜಾ," ಅಂದರು ನರ್ಸಮ್ಮ. ಏನು ಮಾತಾಡಲಿ? ಎಣಿಸ್ತೀನಿ. ಎಂಟಕ್ಕೆ ನಿಲ್ಲಿಸಿ ಮುಖ ನೋಡ್ತೀನಿ. ಮತ್ತೆ ಒಂದರಿಂದ.

ಈ ಹಾಳೆ ಹರಿದು ಅಂಚೆಗೆ ಹಾಕ್ತೀನಿ. ಬೈದಾದರೂ ಬೇಗ ಬರೆ. ಅವಳ ಕಿವಿ ಹತ್ತಿರ ಕೂತು ಓದ್ತೀನಿ. ನಿನ್ನ ಕಾಗದ ಅಂದ್ರೆ ಅವಳು ಎಲ್ಲಿದ್ದರೂ ಎದ್ದು—