ಎರಡು ಚಮಚ ಬ್ರಾಂದಿ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಇಡೀ ವಾರ್ಡಿನವರನ್ನು ನೋಡಿಕೊಳ್ಳುವ ನರ್ಸಮ್ಮನ ಕಾಲುನೋವನ್ನು ಯಾರು ಕೇಳುತ್ತಾರೆ? ಡ್ಯೂಟಿ ಮುಗಿದ ಮೇಲೆ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂರು, ಸೋಮಾರಿತನ ಬೇಡ. ಇಲ್ಲಿ ನಿಮ್ಮಪ್ಪನ ಬಲಗೈ ಪ್ಲಾಸ್ಟರ್ ಬಿಚ್ಚಲು ಇನ್ನೂ ಮೂರು ವಾರ ಬೇಕಂತೆ. ಎಡಗೈಯಲ್ಲಿ ಪುಸ್ತಕ ಹೊಲಿಯಲು ಹೋಗಿ ಸೂಜಿ ಚುಚ್ಚಿಕೊಂಡು ನನ್ನನ್ನೇ ಬೈದರು. ಬೈಯುವಷ್ಟು ಚೇತರಿಸಿಕೊಂಡರಲ್ಲ ಎಂದು ನನಗೆ ಸಮಾಧಾನ.

ಅವರು ಬಿದ್ದದ್ದು ಹೇಗೆಂದು ಫೋನಿನಲ್ಲಿ ನಾನು ಹೇಳಿದ್ದು ನಿಜವಲ್ಲ ಪುಟ್ಟೀ. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಬರೆಯುತ್ತಿದ್ದೇನೆ. ಬೈಂಡಿಂಗ್ ಅಂಗಡಿಗೆ ಹೊಸ ಯಜಮಾನರು ಬಂದಾಗಿನಿಂದ ಅವರಿಗೆ ನಿದ್ದೆಯಿರಲಿಲ್ಲ, ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದು ನಿನಗೆ ಗೊತ್ತು. ಮೊದಲ ವಾರ ಮಗುವಿನಂತೆ ಮಲಗಿದರು. ಆಮೇಲೆ ಕೆಮ್ಮು ಶುರುವಾಯಿತು. ನಾನು ಊಟವಾದ ಮೇಲೆ ಬಿಸಿನೀರಿಗೆ ಜೇನುತುಪ್ಪ, ಎರಡು ಚಮಚ ಬ್ರಾಂದಿ ಬೆರೆಸಿ ಕೊಡತೊಡಗಿದೆ. ಚಿಕ್ಕಂದಿನಲ್ಲಿ ನಮ್ಮಮ್ಮನೂ ಕೊಡುತ್ತಿದ್ದಳು. ನನ್ನ ಪಾಲಿಗೆ ಅದು ಔಷಧಿ, ಕುಡಿತವಲ್ಲ. ಕೆಮ್ಮು ಜೋರಾದ ದಿನ ಎರಡು ಚಮಚ ಹೋಗಿ ಅರ್ಧ ಲೋಟವಾಯಿತು. "ಇದು ಮಾತ್ರೆ ಜೊತೆ ಆಗುತ್ತೇನೇ?" ಎಂದು ಅವರು ಕೇಳಿದರು. "ಸುಮ್ನೆ ಕುಡೀರಿ, ನಾನೇನು ವಿಷ ಕೊಡ್ತೀನಾ?" ಅಂದುಬಿಟ್ಟೆ.

ಮರುದಿನ ಬೆಳಿಗ್ಗೆ ಎಬ್ಬಿಸಿದರೆ ನನ್ನ ಗುರುತು ಹಿಡಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು. ನಾಲಿಗೆ ತೊದಲುತ್ತಿತ್ತು. ಕೆಲಸಕ್ಕೆ ಹೊತ್ತಾಯಿತೆಂದು ಹೊರಟವರು ಮೆಟ್ಟಿಲಿನ ತಿರುವಿನಲ್ಲಿ ಉರುಳಿದರು.

ಆಸ್ಪತ್ರೆಯಲ್ಲಿ ಡಾಕ್ಟರು, "ಮಾತ್ರೆ ಜೊತೆ ಏನಾದ್ರೂ ಕುಡಿದಿದ್ರಾ?" ಎಂದರು. ನಾನು ಸುಮ್ಮನೆ ಕೈಚೀಲ ಕೆದಕತೊಡಗಿದೆ. ಅಷ್ಟರಲ್ಲಿ ನಿಮ್ಮಪ್ಪ, "ಹೌದು, ಗೆಳೆಯರ ಜೊತೆ ಒಂಚೂರು" ಅಂದರು. ಗೆಳೆಯರ ಜೊತೆ ಚಹಾಕ್ಕೂ ಕೂರದ ಮನುಷ್ಯ! ಡಾಕ್ಟರು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು: "ಎರಡೂ ಸೇರಿದ್ರೆ ಉಸಿರೇ ನಿಧಾನ ಆಗ್ಬಿಡುತ್ತೆ. ನೀವು ಏಳದೇ ಹೋಗಿದ್ರೆ?" ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ, ಆಮೇಲೆ ಫೋನಿನಲ್ಲಿ ನಿನಗೂ ಅದೇ ಸುಳ್ಳು ಹೇಳಿದೆ.

ನಿನ್ನೆ ಒಬ್ಬಳೇ ಹೋಗಿ ಡಾಕ್ಟರಿಗೆ ನಿಜ ಹೇಳಿಬಂದೆ. ಅವರು ಬೈಯಲಿಲ್ಲ. ಕೆಮ್ಮಿನ ಸಿರಪ್‌ಗಳಲ್ಲೂ ಕೆಲವು ಆ ಮಾತ್ರೆಗೆ ಆಗಿಬರುವುದಿಲ್ಲ, ಏನು ಕೊಡುವ ಮೊದಲೂ ಕೇಳಿ ಅಂದರು. ಹೊಟ್ಟೆ ಬಿರಿಯ ಉಂಡ ಕೂಡಲೇ ಮಾತ್ರೆ ನುಂಗಿದರೆ ನಿದ್ದೆ ತಡವಾಗುತ್ತದಂತೆ. ಹಾಗಾಗಿ ಈಗ ನಮ್ಮ ಊಟ ಏಳಕ್ಕೇ. ಬ್ರಾಂದಿಯನ್ನು ಮೋರಿಗೆ ಸುರಿದೆ. "ಯಾಕ್ರೀ ಸುಳ್ಳು ಹೇಳಿದ್ರಿ?" ಎಂದು ಇವರನ್ನು ಕೇಳಿದರೆ, "ನಿನ್ನ ಮುಖ ನೋಡಿದೆ, ಅಷ್ಟೇ" ಅಂದರು. ಇಷ್ಟು ವರ್ಷ ಸಂಸಾರ ಮಾಡಿಯೂ ಈ ಮನುಷ್ಯ ನನಗೆ ಪೂರ್ತಿ ಅರ್ಥವಾಗಿಲ್ಲ ನೋಡು.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಕೈ ತಾಗಿದವರೆಲ್ಲ ಎದ್ದು ಓಡಾಡಲಿ, ನೀನೂ ನಗುನಗುತ್ತಾ ಇರು.

ನಿನ್ನ
ಅಮ್ಮ

ಮರೆತಿದ್ದೆ: "ಈ ವಯಸ್ಸಲ್ಲಿ ಕುಡಿಯೋಕೆ ನಾಚಿಕೆ ಆಗಲ್ವಾ?" ಎಂದು ನೀನು ಫೋನಿನಲ್ಲಿ ಕೂಗಿದಾಗ ಅವರು ಫೋನನ್ನು ನನ್ನ ಕೈಗಿಟ್ಟರು. ಆಮೇಲೆ ನಿನ್ನ ಕರೆಯೇ ಇಲ್ಲ. ಈ ಕಾಗದ ಕೈಸೇರಿದ ದಿನವೇ ಅವರಿಗೆ ಫೋನ್ ಮಾಡು. ಕ್ಷಮೆ ಗಿಮೆ ಅಂತ ಹೋಗಬೇಡ, ಅವರಿಗೆ ಮುಜುಗರ. "ಅಪ್ಪಾ, ಕೈ ಹೇಗಿದೆ?" ಅನ್ನು, ಸಾಕು.