ಮಗಳ ಮಾತ್ರೆಪಟ್ಟಿಯ ರಗಳೆ

ಇವಳೇ,

ನಿನ್ನ ಮಗಳಿಂದ ನನಗೆ ಸಾಕುಸಾಕಾಗಿದೆ. ಮದುವೆಯಾಗಿ ಎರಡು ವರ್ಷವಾದರೂ ಇನ್ನೂ ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದಾಳೆ. ಪೊಟ್ಟಣದೊಳಗಿನ ಚೀಟಿಯನ್ನು ವಾಚು ರಿಪೇರಿಯ ಭೂತಗನ್ನಡಿ ಹಿಡಿದು ಓದಿದೆ. ಕಾಲೇಜಿನ ಇಂಗ್ಲಿಷಿನಲ್ಲಿ ಅರ್ಧ ತಿಳಿಯಿತು, ಮಿಕ್ಕರ್ಧ ನಾನೇ ತುಂಬಿಕೊಂಡೆ: ಪರ್ಮನೆಂಟ್ ಡ್ಯಾಮೇಜು, ಮುಂದೆ ಮಕ್ಕಳೇ ಆಗುವುದಿಲ್ಲ. ಮಾತ್ರೆಪಟ್ಟಿಯನ್ನು ಅಂಗಡಿಯ ಡ್ರಾಯರಿನಲ್ಲಿ ಬಚ್ಚಿಟ್ಟೆ.

ಇವತ್ತು ನನ್ನನ್ನೇ ಡಾಕ್ಟರಮ್ಮನ ಮುಂದೆ ಕೂರಿಸಿದಳು.

"ಮಾತ್ರೆ ಬಿಟ್ಟ ಮೇಲೆ ಸಾಮಾನ್ಯವಾಗಿ ಕೆಲವೇ ತಿಂಗಳಲ್ಲಿ ಗರ್ಭ ನಿಲ್ಲುತ್ತೆ ಯಜಮಾನ್ರೇ. ಈ ಮಾತ್ರೆಯಿಂದ ಬಂಜೆತನ ಬರಲ್ಲ."

"ಗ್ಯಾರಂಟಿ ಕೊಡ್ತೀರಾ?" ಎಂದೆ.

"ಅಪ್ಪಾ, ನಾನೇನು ನಿಮ್ಮ ಅಂಗಡಿ ವಾಚಾ?" ಎಂದಳು ನಿನ್ನ ಮಗಳು. "ನೀವು ಬಚ್ಚಿಟ್ಟಿದ್ದಕ್ಕೆ ಈ ತಿಂಗಳೇ ಬಸುರಾದ್ರೆ ನೀವೇ ಹೆತ್ಕೊಳ್ಳಿ."

ಡಾಕ್ಟರಮ್ಮ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ವಾಪಸು ಬರುವ ದಾರಿಯಲ್ಲಿ ಕೇಳಿದಳು: "ಐದು ವರ್ಷದಲ್ಲಿ ನಾಲ್ಕನೇ ಹೆರಿಗೆಗೆ ಅಂತ ಹೋದ ಅಮ್ಮ ಮನೆಗೆ ಬರಲೇ ಇಲ್ಲ. ಆಗ ಈ ಮಾತ್ರೆ ಸಿಗ್ತಿರಲಿಲ್ವಾ?"

"ಎಲ್ಲಿ ಸಿಗ್ತಿತ್ತು" ಎಂದುಬಿಟ್ಟೆ.

ಎರಡನೆಯ ಮಗುವಾದ ಮೇಲೆ ನೀನೇ ಹೋಗಿ ಈ ಮಾತ್ರೆ ತಂದುಕೊಂಡಿದ್ದೆ. ಇದೇ ಭಯಕ್ಕೆ ಅದನ್ನು ಒಲೆಗೆ ಹಾಕಿದವನು ನಾನು. ನೀನು ಜಗಳವಾಡಲಿಲ್ಲ, ಇನ್ನೊಮ್ಮೆ ಕೇಳಲೂ ಇಲ್ಲ.