ಅಣ್ಣ ಕಾಯುತ್ತಿದ್ದ ಉಲ್ಲಂಕಿ

ಕೊಟ್ಟಿಗೆಹಾರ, ಕಾರ್ತಿಕದ ಮೊದಲ ಭಾನುವಾರ

ಅತ್ತಿಗೆ,

ಅಣ್ಣ ಪ್ರತಿ ವರ್ಷ ಬರುತ್ತಿದ್ದ ಜಾವಳಿ ಕಡೆಯ ಪಕ್ಷಿವನಕ್ಕೆ ಈ ಸಲ ಅವನ ದುರ್ಬೀನು ಕೊರಳಿಗೆ ಹಾಕಿಕೊಂಡು ಅವನ ಬದಲು ನಾನು ಬಂದೆ. ಜವುಗಿನಲ್ಲಿ ಕೆಸರಿನ ಹೆಂಟೆ ಎಂದುಕೊಂಡದ್ದು ಕಾಲಡಿಯಿಂದಲೇ ಬುರ್ರನೆ ಹಾರಿತು. ಅದು ಉಲ್ಲಂಕಿ, ಜವುಗಿನಲ್ಲಿ ಅಡಗುವ ಉದ್ದ ಕೊಕ್ಕಿನ ಹಕ್ಕಿಯಂತೆ.

"ಸಾರ್ ಮೂರು ವರ್ಷದಿಂದ ಇದಕ್ಕೇ ಕಾಯ್ತಿದ್ರು. ಈ ಸಲ ಯಾಕೆ ಬರ್ಲಿಲ್ಲ?" ಎಂದು ದಾರಿ ತೋರಿಸುವ ಮಾರಯ್ಯನವರು ಕೇಳಿದರು. ಬೇಸಿಗೆಯಲ್ಲೇ ತೀರಿಕೊಂಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕೆಮ್ಮು, ಮಲಗಿದ್ದಾನೆ ಎಂದುಬಿಟ್ಟೆ. ಅವರು ಮನೆಗೆ ಹೋಗಿ ಒಂದು ಸೀಸೆ ಜೇನು ತಂದುಕೊಟ್ಟರು.

ಬಸ್ಸು ಹತ್ತಿದ ಮೇಲೆ ಮನಸ್ಸು ತಡೆಯಲಿಲ್ಲ. ಮುಂದಿನ ತಿರುವಿನಲ್ಲೇ ಇಳಿದು, ವಾಪಸ್ ನಡೆದು, ನಿಜ ಹೇಳಿದೆ.

"ಗೊತ್ತಾಗಿತ್ತಮ್ಮ," ಎಂದರು. "ಇದ್ದಿದ್ರೆ ಆ ದುರ್ಬೀನು ಅವ್ರ ಕೊರಳಲ್ಲೇ ಇರ್ತಿತ್ತು. ನಿಮ್ಗೆ ಹೇಳೋಕೆ ಆಗ್ಲಿಲ್ಲ, ಅದ್ಕೆ ನಾನೂ ಮತ್ತೆ ಕೇಳ್ಲಿಲ್ಲ. ಜೇನು ಅವ್ರ ಮನೆಯೋರಿಗೆ ಕೊಡಿ."

ಆಮೇಲೆ ಇಬ್ಬರೂ ಜವುಗಿನ ಅಂಚಿನಲ್ಲಿ ಕೂತು ಅತ್ತೆವು.

ಕಾಲಿಗೆ ಇಂಬಳ ಕಚ್ಚಿದ್ದು ಬಿಟ್ಟರೆ ನಾನು ಆರೋಗ್ಯ. ನೀವು ಹೊತ್ತಿಗೆ ಸರಿಯಾಗಿ ಉಣ್ಣಿ. ಅಂಚೆಡಬ್ಬಿ ರಸ್ತೆಯಾಚೆಗಿದೆ, ಬಸ್ಸೂ ಬರುತ್ತಿದೆ.

ಭುವನಾ